ತಲೆನೋವಿನ ಹಿಂದಿನ ಮನೋವ್ಯಾಧಿ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪತ್ತೆಯಾಗಬೇಕು

ಬೆಳೆಯ ಎಲೆ ಹಳದಿ ತಿರುಗಿದರೆ ಅನುಭವಿ ರೈತ ಕೂಡಲೇ ಯೂರಿಯಾ ಚೀಲ ಬಿಚ್ಚುವುದಿಲ್ಲ. ನೀರು ನಿಂತು ಬೇರು ಕೊಳೆಯುತ್ತಿದೆಯೇ, ಬೇರಿಗೆ ಹುಳು ತಗುಲಿದೆಯೇ, ಸತು ಅಥವಾ ಕಬ್ಬಿಣದ ಕೊರತೆಯಿದೆಯೇ ಎಂದು ಮೊದಲು ನೋಡುತ್ತಾನೆ. ರೋಗ ಕಾಣುವುದು ಎಲೆಯಲ್ಲಾದರೂ ಅದರ ಮೂಲ ಮಣ್ಣಿನೊಳಗಿರಬಹುದು ಎಂಬುದು ಅವನಿಗೆ ಗೊತ್ತು. ಆದರೆ ಅದೇ ರೈತ ತನ್ನ ಮೈಗೆ ತೊಂದರೆಯಾಗಿ ಆಸ್ಪತ್ರೆಗೆ ಹೋದಾಗ ಈ ವಿವೇಕ ಅವನಿಗೂ ನೆನಪಾಗುವುದಿಲ್ಲ, ಎಷ್ಟೋ ವೇಳೆ ಆಸ್ಪತ್ರೆಯವರಿಗೂ ನೆನಪಾಗುವುದಿಲ್ಲ.

ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತವರ ದೂರುಗಳನ್ನು ಕೇಳಿ ನೋಡಿ. ತಲೆ ಧಿಮ್ಮೆನ್ನುತ್ತದೆ, ಕೈಕಾಲಲ್ಲಿ ಶಕ್ತಿಯಿಲ್ಲ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಹೊಟ್ಟೆಯಲ್ಲಿ ಗ್ಯಾಸು, ಮೈಯೆಲ್ಲ ಉರಿ, ರಾತ್ರಿ ನಿದ್ದೆಯಿಲ್ಲ. ಇವರಲ್ಲಿ ಹಲವರಿಗೆ ರಕ್ತಹೀನತೆಯೋ ಸಕ್ಕರೆ ಕಾಯಿಲೆಯೋ ಇರುತ್ತದೆ. ಆದರೆ ಕೆಲವರಿಗೆ ಎಷ್ಟು ಪರೀಕ್ಷೆ ಮಾಡಿದರೂ ದೇಹದಲ್ಲಿ ದೋಷ ಕಾಣುವುದಿಲ್ಲ. ಅವರಿಗೆ ನೋವಿನ ಮಾತ್ರೆ, ಟಾನಿಕ್ಕು, ಒತ್ತಾಯ ಮಾಡಿದರೆ ಒಂದು ಬಾಟಲಿ ಗ್ಲೂಕೋಸು ಸಿಗುತ್ತದೆ. ಹದಿನೈದು ದಿನ ಬಿಟ್ಟು ಅವರೇ ಮತ್ತೆ ಸಾಲಿನಲ್ಲಿರುತ್ತಾರೆ. ಅವರಲ್ಲಿ ಅನೇಕರ ನಿಜವಾದ ಕಾಯಿಲೆ ಖಿನ್ನತೆ ಅಥವಾ ಆತಂಕ. ಗುರುತಿಸಿದರೆ ಗುಣಪಡಿಸಬಹುದಾದ ಕಾಯಿಲೆಗಳು ಇವು. ಗುರುತಾಗದೇ ಉಳಿಯುತ್ತಿರುವುದೇ ಇಂದಿನ ಸಮಸ್ಯೆ.

ಕೃಷಿ ಪುಟದಲ್ಲಿ ಈ ವಿಷಯವೇಕೆ?

ಓದುಗರಲ್ಲಿ ಈ ಪ್ರಶ್ನೆ ಏಳುವುದು ಸಹಜ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಕೃಷಿಯನ್ನು ಅವಲಂಬಿಸಿದ 11,290 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಇವರಲ್ಲಿ ಜಮೀನು ಮಾಡುವ ರೈತರು 5,207, ಕೃಷಿ ಕೂಲಿಕಾರರು 6,083. ಮಹಾರಾಷ್ಟ್ರದ ನಂತರದ ಸ್ಥಾನ ನಮ್ಮ ರಾಜ್ಯದ್ದು. ಕರ್ನಾಟಕದಲ್ಲಿ ಆ ಒಂದೇ ವರ್ಷ 2,392 ಮಂದಿ ಹೀಗೆ ಜೀವ ಕಳೆದುಕೊಂಡರು.

ಸಾಲ, ಕೈಕೊಟ್ಟ ಮಳೆ, ಬತ್ತಿದ ಕೊಳವೆಬಾವಿ, ಕುಸಿದ ಧಾರಣೆ ಇವೆಲ್ಲ ನಿಜವಾದ ಕಷ್ಟಗಳು. ಯಾವ ಮಾತ್ರೆಯಿಂದಲೂ ಸಾಲ ತೀರುವುದಿಲ್ಲ. ಮನೋರೋಗದ ಮಾತೆತ್ತಿ ಬೆಲೆ, ವಿಮೆ, ಸಾಲದ ಪ್ರಶ್ನೆಗಳನ್ನು ಬದಿಗೆ ಸರಿಸುವುದು ಸರ್ವಥಾ ಸಲ್ಲದು. ಆದರೆ ಒಂದೇ ಊರಿನಲ್ಲಿ, ಒಂದೇ ಬೆಳೆಯಿಟ್ಟು, ಒಂದೇ ಪ್ರಮಾಣದ ಸಾಲ ಹೊತ್ತ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೇಗೋ ತಡೆದುಕೊಳ್ಳುತ್ತಾರೆ, ಒಬ್ಬ ಕುಸಿಯುತ್ತಾನೆ. ಸಾಲಕ್ಕೂ ಸಾವಿಗೂ ನಡುವೆ ಬಹುವೇಳೆ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುವ ಒಂದು ಕಾಯಿಲೆ ಇರುತ್ತದೆ. ಆ ಅವಧಿಯಲ್ಲಿ ಅವನು ತಲೆನೋವೆಂದೋ ನಿದ್ದೆಯಿಲ್ಲವೆಂದೋ ಒಮ್ಮೆಯಾದರೂ ಡಾಕ್ಟರರ ಮುಂದೆ ಕುಳಿತಿರುವ ಸಂಭವ ಹೆಚ್ಚು. ಅಲ್ಲಿ ಯಾರಾದರೂ ಸರಿಯಾದ ಎರಡು ಪ್ರಶ್ನೆ ಕೇಳಿದ್ದರೆ ಎಂಬುದೇ ಈ ಲೇಖನದ ವಿಚಾರ.

ಅಂಕಿ ಅಂಶಗಳು ಏನು ಹೇಳುತ್ತವೆ?

ವಿಷಯ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಭಾರತ, ಕೊಲಂಬಿಯಾ, ಫಿಲಿಪ್ಪೀನ್ಸ್ ಮತ್ತು ಸುಡಾನ್ ದೇಶಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 1,624 ರೋಗಿಗಳನ್ನು ಪರೀಕ್ಷಿಸಿದ ವರದಿ 1980ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು 14 ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಹೆಚ್ಚಿನವರು ಹೇಳಿಕೊಂಡು ಬಂದದ್ದು ಮಾತ್ರ ತಲೆನೋವು, ಹೊಟ್ಟೆನೋವು, ಸುಸ್ತು ಮುಂತಾದ ದೇಹದ ತೊಂದರೆಗಳನ್ನೇ. ಅಲ್ಲಿನ ಆರೋಗ್ಯ ಸಿಬ್ಬಂದಿ ಈ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲಿನವರ ಕಾಯಿಲೆಯನ್ನು ಗುರುತಿಸಲಿಲ್ಲ.

ಅನಂತರ ಅದೇ ಸಂಸ್ಥೆ 14 ದೇಶಗಳಲ್ಲಿ ಮತ್ತೊಂದು ದೊಡ್ಡ ಅಧ್ಯಯನ ನಡೆಸಿತು. ನಮ್ಮ ಬೆಂಗಳೂರೂ ಅದರ ಒಂದು ಕೇಂದ್ರವಾಗಿತ್ತು. 1995ರಲ್ಲಿ ಹೊರಬಿದ್ದ ಅದರ ಫಲಿತಾಂಶದಂತೆ ಸಾಮಾನ್ಯ ವೈದ್ಯರ ಬಳಿ ಬರುವ ನೂರು ಮಂದಿಯಲ್ಲಿ ಸರಾಸರಿ 24 ಮಂದಿಗೆ ಸ್ಪಷ್ಟವಾದ ಮಾನಸಿಕ ಕಾಯಿಲೆಯಿತ್ತು. 2015-16ರಲ್ಲಿ ನಮ್ಮ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ 10ಕ್ಕಿಂತ ಹೆಚ್ಚು ಮಂದಿ ಆ ಸಮಯದಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದುದು ಕಂಡುಬಂತು. ಖಿನ್ನತೆ, ಆತಂಕಗಳಂಥ ಸಾಮಾನ್ಯ ಮನೋರೋಗಗಳಿದ್ದವರಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕ್ಷಯಕ್ಕೋ ಮಲೇರಿಯಾಕ್ಕೋ ಹೀಗಾಗಿದ್ದರೆ ಶಾಸನಸಭೆಯಲ್ಲಿ ಗದ್ದಲವೇಳುತ್ತಿತ್ತು.

ರೋಗ ತಪ್ಪಿಸಿಕೊಳ್ಳುವುದು ಏಕೆ?

ಮೊದಲ ಕಾರಣ, ರೋಗಿ ಆಡುವ ಭಾಷೆ. ‘ನನಗೆ ಖಿನ್ನತೆಯಾಗಿದೆ’ ಎಂದು ಹಳ್ಳಿಯಲ್ಲಿ ಯಾರೂ ಡಾಕ್ಟರರಿಗೆ ಹೇಳುವುದಿಲ್ಲ. ‘ಎದೆ ಭಾರ’, ‘ಹೊಟ್ಟೆಯೊಳಗೆ ಸಂಕಟ’, ‘ನರಗಳ ದೌರ್ಬಲ್ಯ’ ಎನ್ನುತ್ತಾರೆ. ಹೆಂಗಸರು ಸೊಂಟನೋವು, ಬಿಳಿ ಸೆರಗು, ಸುಸ್ತು ಎಂದು ಹೇಳಿಕೊಳ್ಳುತ್ತಾರೆ. ಇದು ನಟನೆಯಲ್ಲ. ಮನಸ್ಸಿನ ಕಾಯಿಲೆಯಲ್ಲಿ ನೋವು, ಸುಸ್ತು, ಅಜೀರ್ಣ ಎಲ್ಲವೂ ದೇಹದಲ್ಲಿ ನಿಜವಾಗಿಯೇ ಉಂಟಾಗುತ್ತವೆ. ‘ನಿನಗೇನೂ ಆಗಿಲ್ಲ, ಎಲ್ಲ ನಿನ್ನ ಭ್ರಮೆ’ ಎಂದು ಕಳಿಸುವುದು ರೋಗಿಗೆ ಮಾಡಿದ ಅನ್ಯಾಯ.

ಎರಡನೆಯದು ಸಮಯದ ಅಭಾವ. ಒಬ್ಬರೇ ಡಾಕ್ಟರು ಮಧ್ಯಾಹ್ನದೊಳಗೆ ನೂರಾರು ಜನರನ್ನು ನೋಡಬೇಕಾದಾಗ ಒಬ್ಬೊಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. ಹಿಂದೆ ಹತ್ತು ಮಂದಿ ನಿಂತು ಕೇಳಿಸಿಕೊಳ್ಳುತ್ತಿರುವಾಗ ಮನೆಯ ಸಂಕಟವನ್ನು ಯಾರು ತಾನೆ ಬಿಚ್ಚಿಡುತ್ತಾರೆ? ಮೂರನೆಯದು ತರಬೇತಿ. ವೈದ್ಯ ಪದವಿಯ ಶಿಕ್ಷಣದಲ್ಲಿ ಮನೋವೈದ್ಯಕ್ಕೆ ಬಹುಕಾಲ ದೊರೆತದ್ದು ಕೆಲವೇ ವಾರಗಳ ಅವಧಿ. ನಾಲ್ಕನೆಯದು ನಾಚಿಕೆ. ಮನೋರೋಗವೆಂದರೆ ಹುಚ್ಚು ಎಂಬ ಭಾವನೆ ಇನ್ನೂ ಹೋಗಿಲ್ಲ. ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ಮನೆಗಳಿವೆ. ವಾಸ್ತವದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಮನೋರೋಗಿಗಳಲ್ಲಿ ಬಹುಪಾಲು ಜನ ಮಾತುಕತೆಯಲ್ಲಿ ನಮ್ಮ ನಿಮ್ಮಂತೆಯೇ ಇರುತ್ತಾರೆ. ಒಳಗೊಳಗೇ ಬಾಡುತ್ತಿರುತ್ತಾರೆ, ಅಷ್ಟೆ.

ದುಃಖವೆಷ್ಟು, ರೋಗವೆಷ್ಟು?

ಬೆಳೆ ಹೋದಾಗ ದುಃಖವಾಗುವುದು ರೋಗವಲ್ಲ. ದುಃಖದ ನಡುವೆಯೂ ಉಂಡು, ಮಲಗಿ, ಸಂತೆಗೆ ಹೋಗಿ, ಮುಂದಿನ ಬಿತ್ತನೆಗೆ ಬೀಜದ ಯೋಚನೆ ಮಾಡುವವನಿಗೆ ಮಾತ್ರೆ ಬೇಕಿಲ್ಲ. ಕೈಹಿಡಿಯುವ ಬಂಧುಗಳಿದ್ದರೆ ಸಾಕು. ಆದರೆ ಕೆಳಗಿನ ಲಕ್ಷಣಗಳು ಎರಡು ವಾರಕ್ಕೂ ಮೀರಿ, ಹೆಚ್ಚು ಕಡಮೆ ದಿನವೂ, ದಿನದ ಬಹುಭಾಗ ಇದ್ದು ಕೆಲಸಕಾರ್ಯ ನಿಂತುಹೋದರೆ ಅದು ಖಿನ್ನತೆಯೆಂಬ ಕಾಯಿಲೆಯಿರಬಹುದು.

1. ಮನಸ್ಸು ಸದಾ ಕುಗ್ಗಿರುವುದು, ಸಣ್ಣ ಮಾತಿಗೂ ಅಳು ಅಥವಾ ಸಿಡುಕು.

2. ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು. ಹಾಲು ಕರೆಯುವಾಗ ಎಮ್ಮೆಯ ಮೈ ನೇವರಿಸುತ್ತಿದ್ದವನು ಕೊಟ್ಟಿಗೆ ಕಡೆಗೇ ಹೋಗದಿರುವುದು, ಜಾತ್ರೆ, ಭಜನೆ, ಕಟ್ಟೆಯ ಹರಟೆ ಎಲ್ಲವನ್ನೂ ಬಿಡುವುದು.

3. ನಿದ್ದೆ ಬಾರದಿರುವುದು, ಅಥವಾ ರಾತ್ರಿ ಎರಡು ಮೂರು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು.

4. ಊಟ ಸೇರದಿರುವುದು, ಮೈ ಇಳಿಯುವುದು, ಕೆಲಸ ಮಾಡದೆಯೂ ಸುಸ್ತು.

5. ಲೆಕ್ಕ ತಪ್ಪುವುದು, ಗಮನ ನಿಲ್ಲದಿರುವುದು, ಸಣ್ಣ ತೀರ್ಮಾನವನ್ನೂ ಮಾಡಲಾಗದಿರುವುದು.

6. ‘ನನ್ನಿಂದ ಎಲ್ಲರಿಗೂ ಭಾರ’, ‘ಇದ್ದೇನು ಪ್ರಯೋಜನ’ ಎಂಬ ಮಾತು.

ಇವುಗಳಲ್ಲಿ ಮೊದಲಿನ ಎರಡು ಮುಖ್ಯ. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿ ಭರವಸೆ ಹೋದಂತಾಗಿದೆಯೇ? ಮಾಡುವ ಕೆಲಸದಲ್ಲಿ ಆಸಕ್ತಿ, ಸಂತೋಷ ಕಡಮೆಯಾಗಿದೆಯೇ? ಈ ಎರಡು ಪ್ರಶ್ನೆಗಳನ್ನೇ ಇಂದು ಹಲವು ದೇಶಗಳಲ್ಲಿ ಮೊದಲ ಜರಡಿಯಾಗಿ ಬಳಸುತ್ತಾರೆ. ಕೇಳಲು ಒಂದು ನಿಮಿಷ ಸಾಕು, ಯಂತ್ರ ಬೇಡ, ಖರ್ಚಿಲ್ಲ. ಉತ್ತರ ಹೌದೆಂದಾದರೆ ಮಾತ್ರ ಮುಂದಿನ ವಿವರವಾದ ಪರೀಕ್ಷೆ.

ಆತಂಕದ ಕಾಯಿಲೆಯ ರೀತಿ ಸ್ವಲ್ಪ ಬೇರೆ. ಕಾರಣವಿಲ್ಲದೆ ಸದಾ ದಿಗಿಲು, ಎದೆಬಡಿತ, ಕೈ ಬೆವರುವುದು, ಉಸಿರು ಕಟ್ಟಿದಂತಾಗುವುದು ಅದರ ಗುರುತುಗಳು. ಕೆಲವರಲ್ಲಿ ಕುಡಿತವೇ ಪರದೆಯಾಗುತ್ತದೆ. ನಿದ್ದೆ ಬರಲೆಂದು ಆರಂಭಿಸಿದ್ದು ಚಟವಾಗಿ, ಒಳಗಿನ ಖಿನ್ನತೆ ಯಾರಿಗೂ ಕಾಣದಂತಾಗುತ್ತದೆ. ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಬಾಣಂತಿ ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದೆ ಮಂಕಾಗಿ ಕುಳಿತರೆ ಸೋಮಾರಿತನವೆಂದು ಜರೆಯಬಾರದು. ಅದೂ ಕಾಯಿಲೆಯಿರಬಹುದು.

ಆದರೆ ಒಂದು ಎಚ್ಚರಿಕೆ. ಎಲ್ಲ ಸುಸ್ತನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ತಪ್ಪೇ. ರಕ್ತಹೀನತೆ, ಥೈರಾಯ್ಡ್ ದೋಷ, ಸಕ್ಕರೆ ಕಾಯಿಲೆ, ಬಿ-12 ಜೀವಸತ್ವದ ಕೊರತೆ ಇವು ಖಿನ್ನತೆಯಂತೆಯೇ ಕಾಣಬಹುದು. ಕೀಟನಾಶಕ ಸಿಂಪಡಿಸಿ ಬಂದವನಿಗೆ ತಲೆಸುತ್ತು, ಬೆವರು, ಕೈ ನಡುಕ, ದೃಷ್ಟಿ ಮಸುಕಾಗುವುದು ಕಂಡರೆ ಅದು ಆತಂಕವಲ್ಲ, ವಿಷಬಾಧೆಯಿರಬಹುದು. ಕೂಡಲೇ ಔಷಧದ ಡಬ್ಬಿಯ ಚೀಟಿಯೊಂದಿಗೆ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವಾಗ, ಯಾವ ಔಷಧ ಹೊಡೆದೆನೆಂದು ಡಾಕ್ಟರರಿಗೆ ಹೇಳುವುದು ರೈತನ ಕರ್ತವ್ಯ.

ಕರ್ನಾಟಕವೇ ಮೊದಲು ದಾರಿ ತೋರಿದ್ದು

ಮನೋರೋಗಕ್ಕೆ ಹಳ್ಳಿಯ ಆಸ್ಪತ್ರೆಯಲ್ಲೇ ಚಿಕಿತ್ಸೆ ನೀಡಬಹುದೆಂಬುದನ್ನು ತೋರಿಸಿದ ಕೀರ್ತಿಯಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಪಾಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲಿ ಬನ್ನೇರುಘಟ್ಟ ರಸ್ತೆಯ ಕಡೆಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದು ಆರೋಗ್ಯ ಕಾರ್ಯಕರ್ತರಿಗೂ ವೈದ್ಯರಿಗೂ ತರಬೇತಿ ಆರಂಭಿಸಿತು. ಅದೇ ಕಾಲದಲ್ಲಿ ಹರಿಯಾಣದ ರಾಯಪುರ ರಾಣಿ ಎಂಬಲ್ಲಿ ಚಂಡೀಗಢದ ವೈದ್ಯಕೀಯ ಸಂಸ್ಥೆಯೂ ಇಂಥದೇ ಪ್ರಯೋಗ ನಡೆಸಿತು. ಇವುಗಳ ಅನುಭವದ ಆಧಾರದ ಮೇಲೆ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ಅನಂತರದ ಪ್ರಯೋಗ ಬಳ್ಳಾರಿಯದು. 1980ರ ದಶಕದ ಮಧ್ಯಭಾಗದಿಂದ ಸುಮಾರು 20 ಲಕ್ಷ ಜನಸಂಖ್ಯೆಯ ಆ ಇಡೀ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಗಳನ್ನು ಒದಗಿಸಿ, ಜಿಲ್ಲಾ ಕೇಂದ್ರದಲ್ಲಿ ಒಂದು ತಜ್ಞ ತಂಡವನ್ನಿಟ್ಟು ಮೇಲ್ವಿಚಾರಣೆ ನಡೆಸಲಾಯಿತು. ಈ ಮಾದರಿಯನ್ನೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ದೇಶದ ಇತರ ಜಿಲ್ಲೆಗಳಿಗೆ ವಿಸ್ತರಿಸಲಾಯಿತು. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರದಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ದೊರೆಯುವ ಏರ್ಪಾಟು ಮಾಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರದಿಂದ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬನ ಹಕ್ಕಾಗಿ ಮಾಡಿತು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ದೂರವಾಣಿ ಸೇವೆ ಆರಂಭವಾಯಿತು.

ಹಾಗಿದ್ದರೆ ಕೊರತೆಯೆಲ್ಲಿ? ಯೋಜನೆಗಳ ಸಾಲನ್ನು ನೋಡಿದರೆ ಚಿಕಿತ್ಸೆಯ ಕಡೆಯಿಂದ ಕಾಲುವೆ ತೋಡಿರುವುದು ಕಾಣುತ್ತದೆ. ಆದರೆ ತೂಬಿನಲ್ಲೇ ಕಸ ಸಿಕ್ಕಿಕೊಂಡಿದೆ. ಮೊದಲ ದಿನಗಳ ಕಾರ್ಯಕ್ರಮಗಳು ಮುಖ್ಯವಾಗಿ ತೀವ್ರ ಮನೋರೋಗ ಮತ್ತು ಮೂರ್ಛೆರೋಗಗಳ ಕಡೆ ಗಮನ ಕೊಟ್ಟವು. ಕೂಗಾಡುವವನನ್ನು, ಬಿದ್ದು ಒದ್ದಾಡುವವನನ್ನು ಊರೇ ಗುರುತಿಸಿ ಆಸ್ಪತ್ರೆಗೆ ತರುತ್ತದೆ. ಮೌನವಾಗಿ ತಲೆನೋವಿನ ಮಾತ್ರೆ ಕೇಳುವವನನ್ನು ಯಾರೂ ಗುರುತಿಸುವುದಿಲ್ಲ. ತರಬೇತಿ ಪಡೆದ ಡಾಕ್ಟರು ವರ್ಗವಾದರೆ ತರಬೇತಿಯೂ ಅವರೊಂದಿಗೆ ಹೋಗುತ್ತದೆ. ಔಷಧ ಒಂದು ತಿಂಗಳು ಬಂದು ಮರುತಿಂಗಳು ನಿಂತರೆ ರೋಗಿಯ ನಂಬಿಕೆಯೇ ಹೋಗುತ್ತದೆ. ಮಂಗಳವಾರ ತಾಲೂಕಿಗೆ ತಜ್ಞರು ಬಂದರೂ ಅವರ ಬಳಿಗೆ ಹೋಗು ಎಂದು ಹೇಳುವವರು ಸೋಮವಾರ ಹಳ್ಳಿಯಲ್ಲಿ ಇರಬೇಕಲ್ಲವೇ?

ಗೋವೆ ಮತ್ತು ವಿದರ್ಭದ ಪಾಠ

ಈ ತೂಬನ್ನು ತೆರೆಯುವುದು ಸಾಧ್ಯವೆಂದು ನೆರೆಯ ಎರಡು ಪ್ರದೇಶಗಳು ತೋರಿಸಿವೆ. ಗೋವೆಯ ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವೈದ್ಯರಲ್ಲದ, ಸ್ಥಳೀಯ ತರಬೇತಿ ಹೊಂದಿದ ಆಪ್ತಸಲಹೆಗಾರರನ್ನು ನೇಮಿಸಲಾಯಿತು. ಬಂದ ರೋಗಿಗಳನ್ನು ಪ್ರಶ್ನಾವಳಿಯಿಂದ ಜರಡಿ ಹಿಡಿದು, ಕಾಯಿಲೆಯಿದ್ದವರಿಗೆ ಅವರು ತಿಳಿವಳಿಕೆ ಹೇಳಿದರು, ಮನೆಯವರೆಗೂ ಹಿಂಬಾಲಿಸಿದರು. ಅಗತ್ಯವಿದ್ದವರಿಗೆ ವೈದ್ಯರು ಔಷಧ ಕೊಟ್ಟರು. ಆರು ತಿಂಗಳ ನಂತರ ಇಂಥ ಸರ್ಕಾರಿ ಕೇಂದ್ರಗಳಲ್ಲಿ ನೂರಕ್ಕೆ ಸುಮಾರು 66 ಮಂದಿ ಗುಣಹೊಂದಿದ್ದರು. ಸಲಹೆಗಾರರಿಲ್ಲದ ಕೇಂದ್ರಗಳಲ್ಲಿ ಈ ಸಂಖ್ಯೆ ಸುಮಾರು 42 ಮಾತ್ರ.

ಎರಡನೆಯ ಪಾಠ ವಿದರ್ಭದ್ದು. ಹತ್ತಿ ಬೆಳೆಗಾರರ ಸಂಕಟಕ್ಕೆ ಹೆಸರಾದ ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ ‘ವಿಶ್ರಾಮ್’ ಎಂಬ ಕಾರ್ಯಕ್ರಮ ನಡೆಯಿತು. ಊರಿನ ಕಾರ್ಯಕರ್ತರೇ ಮನೆಮನೆಗೆ, ಗುಂಪುಗುಂಪಿಗೆ ಹೋಗಿ ಚಿಂತೆಯ ಕಾಯಿಲೆಯ ಬಗ್ಗೆ ಜನರ ಮಾತಿನಲ್ಲೇ ಮಾತಾಡಿದರು. ಮೊದಲು ಖಿನ್ನತೆಯಿದ್ದವರಲ್ಲಿ ನೂರಕ್ಕೆ ಸುಮಾರು 4 ಮಂದಿ ಮಾತ್ರ ಚಿಕಿತ್ಸೆಗೆ ಬರುತ್ತಿದ್ದರು. ಕಾರ್ಯಕ್ರಮದ ನಂತರ ಆ ಸಂಖ್ಯೆ 27ಕ್ಕೆ ಏರಿತು. ಗುರುತಿಸುವ ಕೆಲಸಕ್ಕೆ ಡಾಕ್ಟರರನ್ನೇ ಕಾಯಬೇಕಿಲ್ಲ ಎಂಬುದು ಇವೆರಡರ ಸಾರ.

ಚಿಕಿತ್ಸೆಯ ಬಗ್ಗೆ ತಿಳಿದಿರಬೇಕಾದದ್ದು

ಹಗುರ ಕಾಯಿಲೆಗೆ ಆಪ್ತಸಲಹೆ, ದಿನಚರಿಯ ಸುಧಾರಣೆ, ಮತ್ತೆ ಕೆಲಸದಲ್ಲಿ ತೊಡಗಿಸಿಕೊಳ್ಳುವುದೇ ಸಾಕಾಗಬಹುದು. ಹೆಚ್ಚಿನ ಕಾಯಿಲೆಗೆ ಮಾತ್ರೆ ಬೇಕು. ಖಿನ್ನತೆಯ ಔಷಧ ನೋವಿನ ಮಾತ್ರೆಯಂತೆ ಅದೇ ದಿನ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಬಿತ್ತಿದ ಮರುದಿನ ಮೊಳಕೆ ಕಾಣಲಿಲ್ಲವೆಂದು ಹೊಲ ಅಗೆಯುವವರುಂಟೇ? ಗುಣವಾದ ಮೇಲೂ ಡಾಕ್ಟರರು ಹೇಳುವವರೆಗೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ, ಮುಂದುವರಿಸಬೇಕು. ತಾನಾಗಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಈ ಔಷಧಗಳು ಚಟವಾಗುವುದಿಲ್ಲ. ಚಟವಾಗುವ ಅಪಾಯವಿರುವುದು ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ಕೊಂಡು ತಿಂಗಳುಗಟ್ಟಲೆ ನುಂಗುವ ನಿದ್ದೆ ಮಾತ್ರೆಗಳಿಂದ. ದೇವರಿಗೆ ಹರಕೆ ಹೊತ್ತವರು ಹರಕೆ ಸಲ್ಲಿಸಲಿ, ಮಾತ್ರೆಯನ್ನೂ ತಪ್ಪದೆ ನುಂಗಲಿ. ಒಂದಕ್ಕೊಂದು ವಿರೋಧವಿಲ್ಲ.

ಆಗಬೇಕಾದ ಕೆಲಸಗಳು

ಸರ್ಕಾರದ ಮಟ್ಟದಲ್ಲಿ ಮೂರು ಕೆಲಸ ಆಗಬೇಕು. ರಕ್ತದೊತ್ತಡ, ಸಕ್ಕರೆಗಳನ್ನು ಅಳೆಯುವಂತೆಯೇ ಎರಡು ಪ್ರಶ್ನೆಗಳ ಜರಡಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗಳ ಬಳಿಯೂ ನಿತ್ಯದ ರೂಢಿಯಾಗಬೇಕು. ಖಿನ್ನತೆಯ ಔಷಧಗಳು ವರ್ಷವಿಡೀ ಅಲ್ಲೇ ದೊರೆಯಬೇಕು. ರೋಗಿ ಮನಬಿಚ್ಚಿ ಮಾತಾಡಲು ಒಂದು ಮರೆಯ ಜಾಗ, ಒಬ್ಬ ತರಬೇತಾದ ಸಲಹೆಗಾರರು ಇರಬೇಕು. ಇವು ಕಟ್ಟಡ ಕಟ್ಟುವಷ್ಟು ಖರ್ಚಿನ ಮಾತಲ್ಲ. ಗ್ರಾಮಸಭೆಗಳಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳುವ ಹಕ್ಕು ನಮಗಿದೆ.

ಊರಿನ ಮಟ್ಟದಲ್ಲಿ ಹಾಲು ಉತ್ಪಾದಕರ ಸಂಘ, ಸಹಕಾರ ಸಂಘ, ಸ್ತ್ರೀಶಕ್ತಿ ಗುಂಪುಗಳು ಬಹಳ ಮಾಡಬಹುದು. ದಿನವೂ ಹಾಲು ಹಾಕುತ್ತಿದ್ದವನು ವಾರದಿಂದ ಬಾರದಿದ್ದರೆ ಮೊದಲು ಗೊತ್ತಾಗುವುದು ಸಂಘದ ಕಾರ್ಯದರ್ಶಿಗೆ. ಕಂತು ತಪ್ಪಿದ ಹೆಂಗಸಿನ ಮುಖ ನೋಡಿ ಗುಂಪಿನವರಿಗೆ ತಿಳಿಯುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೆಲಸ ಮಾಡುವ ನಮ್ಮಂಥವರಿಗೂ ಇದು ಹೊರತಲ್ಲ. ಬೀಜ ಗೊಬ್ಬರ ಕೇಳಲು ಬಂದವನು ‘ಈ ಸಲ ಬಿತ್ತಿ ಏನು ಮಾಡಲಿ ಸ್ವಾಮಿ’ ಎಂದರೆ ಸುಮ್ಮನೆ ರಸೀತಿ ಹರಿದು ಕೊಡದೆ ಕುಳ್ಳಿರಿಸಿ ಮಾತಾಡಿಸಬೇಕು, ಆಶಾ ಕಾರ್ಯಕರ್ತೆಗೆ ತಿಳಿಸಬೇಕು.

ಮನೆಯವರಿಗೆ ಎರಡು ಮಾತು. ಸಾಯುವ ಯೋಚನೆ ಬರುತ್ತದೆಯೇ ಎಂದು ಮೆಲ್ಲನೆ ಕೇಳಿದರೆ ಆ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಬೇಡ. ಕೇಳಿದವರಿದ್ದಾರೆ ಎಂಬುದೇ ಅವನಿಗೆ ಆಸರೆ. ಹೌದೆಂದರೆ ಒಬ್ಬನನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡನೆಯದಾಗಿ, ಕೀಟನಾಶಕಗಳನ್ನು ಮನೆಯೊಳಗಿಡದೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಮತ್ತೊಬ್ಬರ ಬಳಿ ಇಡಬೇಕು. ಬೇಕಾದಷ್ಟನ್ನೇ ಕೊಂಡು, ಉಳಿಸದಿರುವುದು ಇನ್ನೂ ಒಳ್ಳೆಯದು. ದುಡುಕಿನ ಗಳಿಗೆ ಬಹುವೇಳೆ ಬೇಗ ಕಳೆಯುತ್ತದೆ. ಆ ಗಳಿಗೆಯಲ್ಲಿ ವಿಷ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ.

ಡಾಕ್ಟರರಿಗೆ ಹೀಗೆ ಹೇಳಿ

ಡಾಕ್ಟರರು ಕೇಳದಿದ್ದರೆ ನಾವೇ ಹೇಳಬೇಕು. ತಲೆನೋವು, ಸುಸ್ತಿನ ಜೊತೆಗೆ ಈ ಐದು ಸಂಗತಿಗಳನ್ನು ತಿಳಿಸಿದರೆ ಎರಡು ನಿಮಿಷದಲ್ಲೂ ಅವರಿಗೆ ದಾರಿ ಸಿಗುತ್ತದೆ: ಎಷ್ಟು ದಿನದಿಂದ ಹೀಗಿದೆ, ನಿದ್ದೆ ಹೇಗಿದೆ, ಊಟ ಮತ್ತು ಕೆಲಸದಲ್ಲಿ ಮನಸ್ಸಿದೆಯೇ, ಕುಡಿತ, ನಿದ್ದೆಮಾತ್ರೆ ಉಂಟೇ, ಜೀವ ಬೇಡವೆನಿಸಿದ್ದುಂಟೇ. ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡಬಹುದು, ಇಲ್ಲವೇ ಜೊತೆಗೆ ಬಂದವರು ಹೇಳಬಹುದು.

ಆಸ್ಪತ್ರೆ ದೂರವಾದರೆ, ರಾತ್ರಿಯಾದರೆ 14416 ಸಂಖ್ಯೆಗೆ ಫೋನು ಮಾಡಬಹುದು. ಇದೇ ಟೆಲಿ-ಮಾನಸ್. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವಾಚನಾಲಯದ ಗೋಡೆಯ ಮೇಲೆ, ಹಾಲಿನ ಡೈರಿಯ ಬಾಗಿಲಲ್ಲಿ ಈ ಐದಂಕಿಯನ್ನು ದೊಡ್ಡದಾಗಿ ಬರೆದಿಡುವ ಕೆಲಸವನ್ನು ಓದುಗರು ಈ ವಾರವೇ ಮಾಡಬಹುದು.